ಯಾವ ದಾಳಕ್ಕೆ ಈ ಬಾಗಿಲು

ಆರು ಸಂಪುಟದ ಕಾದಂಬರಿಯನ್ನು
ಮೇಜಿನ ಮೇಲೆ ಆಡಬೇಕೆಂದು ಹೊರಟವರು ನಾವು ನಾಲ್ಕು ಜನ.
ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದರೆ
ಜಬ್ಬಾರನ ಬ್ಯಾಟರಿ ಅಂಗಡಿ, ಅದರ ಅಟ್ಟ.
ಆಸಿಡ್ ವಾಸನೆ. ಭಾನುವಾರ, ಮೂರು ಗಂಟೆ.

ಆಡುವುದೇನೋ ಸರಿ, ಯಾವ ನಿಯಮದಲ್ಲಿ?
ಅದಕ್ಕೇ ಐದು ವಾರ ಹೋಯಿತು.

ಉಪಾಯ ಚೋಂದಮ್ಮನದು. ಸರ್ಕಾರಿ ಆಸ್ಪತ್ರೆಯ ನರ್ಸು,
ಯಾವುದಕ್ಕೂ ಮೊದಲು ಟೆಸ್ಟ್ ಡೋಸ್ ಎನ್ನುವವಳು.
ನಾಲ್ಕನೇ ಸಂಪುಟದ ಬಾಗಿಲು, ಅಂದಳು.
ಅದೊಂದು ದೃಶ್ಯವನ್ನು
ಪ್ರತಿ ಸಿಸ್ಟಮಿನಲ್ಲೂ ಆಡಿ ನೋಡೋಣ.

ಓದಿದವರಿಗೆ ಗೊತ್ತು ಆ ಬಾಗಿಲು:
ಹೊರಗೆ ಕೇತ, ಒಂಬತ್ತು ವರ್ಷದ ಮೇಲೆ ಬಂದ ತಮ್ಮ,
ಒಳಗೆ ಮಾದಂಗಿ, ಅಗುಳಿಯ ಮೇಲೆ ಕೈ.
ಹನ್ನೊಂದು ಪುಟ ಆ ಕೈ ಅಲ್ಲೇ ಇರುತ್ತದೆ.
ಹದಿನಾರನೇ ವಯಸ್ಸಿನಲ್ಲಿ ಅದನ್ನು ಓದುತ್ತ ಕೂತಿದ್ದಾಗ
ನಾನಿಳಿಯಬೇಕಾದ ಸ್ಟಾಪು ದಾಟಿ
ಬಸ್ಸು ಪೆರುಂಬಾಡಿ ತಲುಪಿತ್ತು.

ಮೊದಲು ಇಪ್ಪತ್ತು ಮುಖದ ದಾಳ.
ಲೋಹಿತಾಕ್ಷ ತಂದದ್ದು, ದಪ್ಪ ಪುಸ್ತಕ ಮೂರು.
ಕತ್ತಿಗೆ ಎಂಟು ಪುಟ, ಬಿಲ್ಲಿಗೆ ಆರು,
ನಾಚಿಕೆಗೆ ಒಂದು ಸಾಲೂ ಇಲ್ಲ.
ಉರುಳಿಸಿದ. ಹತ್ತೊಂಬತ್ತು.
ಕೇತ ಬಾಗಿಲು ಮುರಿದು ಒಳಗೆ ಬಂದ.
ಅನುಭವದ ಅಂಕ ಇನ್ನೂರು ಎಂದು ಬರೆದುಕೊಂಡ.
ಗೆದ್ದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದಿನ ವಾರ ಶೇಕಡಾ ಲೆಕ್ಕದ್ದು,
ಹೆದರಿದಷ್ಟೂ ಬುದ್ಧಿ ಸೋರುವ ಆಟ.
ಮಾದಂಗಿ ನಲವತ್ತಕ್ಕಿಳಿದಳು, ಹನ್ನೆರಡಕ್ಕಿಳಿದಳು,
ಕೊನೆಗೆ ಗೋಡೆ ಪರಚಿದಳು.
'ಅವಳಿಗೆ ಹುಚ್ಚಲ್ಲ, ಕೋಪ' ಎಂದಳು ಚೋಂದಮ್ಮ,
ಹಾಳೆಯನ್ನು ರೋಗಿಯ ಚೀಟಿಯ ಹಾಗೆ ಮಡಚಿ ಬ್ಯಾಗಿಗೆ ಹಾಕಿದಳು.

ಮರದ ತುಂಡು ಪೇರಿಸಿ ಒಂದೊಂದೇ ಎಳೆಯುವುದೂ ಆಯಿತು.
ಕೇರಳಕ್ಕೆ ಹೊರಟ ಲಾರಿಯೊಂದು ಕೆಳಗೆ ಹಾದದ್ದೇ
ಗೋಪುರ ಬಿತ್ತು, ಮಾದಂಗಿ ಸತ್ತಳು.

ನಿಯಮವೇ ಬೇಡದ ಆಟದಲ್ಲಿ
ಜಬ್ಬಾರ್ ಮುಕ್ಕಾಲು ಗಂಟೆ ಮಾತಾಡಿದ, ಚೆನ್ನಾಗಿಯೇ.
ಇನ್‌ವರ್ಟರ್ ಬ್ಯಾಟರಿಗೆ ಬಂದ ಗಿರಾಕಿ ಕಾದು ಹೋದ.
ನಮಗೆ ಕಾಲಿಡಲು ಆ ಮಾತಿನಲ್ಲಿ ಸಂದಿಯಿರಲಿಲ್ಲ.

ನನ್ನ ಕೆಲಸ ಕ್ಯೂರಿಂಗ್ ವರ್ಕ್ಸಿನಲ್ಲಿ, ಬೀಜ ನೋಡುವುದು:
ಕಪ್ಪು, ಒಡಕು, ಹುಳುಕು ಬೇರೆ ಮಾಡುವುದು.
ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ.
ಐದನೇ ಭಾನುವಾರ, ಜಗಳ ಮುಗಿದು ಎಲ್ಲರೂ ಸುಮ್ಮನಿದ್ದಾಗ
ಬೇಸರಕ್ಕೆ ಮೇಜಿನ ಮೇಲೆ ಚೆಲ್ಲಿದೆ.
ಕೆಲವು ಬೋರಲು, ಕೆಲವು ಅಂಗಾತ,
ನಡುವಿನ ಗೀರು ಮೇಲಕ್ಕೆ.
'ಕವಡೆ ಥರ' ಎಂದ ಲೋಹಿತಾಕ್ಷ.
ಅವನ ಅಜ್ಜಿ ಚೌಕಾಬಾರದಲ್ಲಿ ಮೋಸ ಮಾಡುತ್ತಿದ್ದಳಂತೆ.

ಅರ್ಧ ಗಂಟೆ. ವಾರಂಟಿ ಕಾರ್ಡಿನ ಬೆನ್ನ ಮೇಲೆ ಇಡೀ ನಿಯಮ:
ಐದು ಬೀಜ. ಅಂಗಾತ ಬಿದ್ದಷ್ಟು ಮಾತು ಆಡಬಹುದು.
ಬೋರಲು ಬಿದ್ದಷ್ಟು ನುಂಗಬೇಕು.
ಆರನೆಯದು ಪೀಬೆರಿ,
ಹಣ್ಣಿನೊಳಗೆ ಜೊತೆಯಿಲ್ಲದೆ ಬೆಳೆದ ಒಂಟಿ,
ಚಪ್ಪಟೆ ಮಗ್ಗುಲಿಲ್ಲದ್ದು, ಉರುಳುತ್ತದೆ.
ಅದು ಯಾರ ಮುಂದೆ ನಿಂತಿತೋ ಅಗುಳಿ ಅವರದು.

ಜಬ್ಬಾರ್ ಕೇತ. ಮೂರು ಅಂಗಾತ.
'ಅಕ್ಕ.'
'ಚಳಿ.'
ಆಮೇಲೆ ಬಹಳ ಹೊತ್ತು ಬಿಟ್ಟು, 'ಗೊತ್ತು.'
ಮುಕ್ಕಾಲು ಗಂಟೆ ಮಾತಾಡಿದವನು ಇವನೇ.

ಚೋಂದಮ್ಮ ಎಸೆದಳು. ಐದೂ ಬೋರಲು.
ಅವಳು ನುಂಗಿದ್ದು ಗಂಟಲಿನಲ್ಲಿ ಕಂಡಿತು.
ಪೀಬೆರಿ ಉರುಳಿತು, ಮೇಜಿನಂಚು ದಾಟಿ,
ಹಲಗೆಯ ಸಂದಿಯಲ್ಲಿ ಇಳಿದು
ಕೆಳಗೆ, ನೂರು ಬ್ಯಾಟರಿಗಳ ನಡುವೆ ಎಲ್ಲೋ.

ಟಾರ್ಚು ಹಿಡಿದು ಹುಡುಕಿದೆವು.
ಜೇಬಿನಲ್ಲಿ ಇನ್ನೊಂದಿದೆ, ಕೊಡುತ್ತೇನೆ ಎಂದೆ.
'ಬೇಡ' ಎಂದಳು.
ಮೇಲೆ ಹೋಗಿ ಕುಳಿತಳು,
ಮೇಜಿನಂಚಿನ ಮೇಲೆ ಕೈಯಿಟ್ಟು.
ಐದೂವರೆಯ ಗೋಣಿಕೊಪ್ಪದ ಬಸ್ಸು ಹಾರನ್ ಹೊಡೆಯಿತು,
ಅವಳ ಬಸ್ಸು. ಹೋಯಿತು.
ಕೈ ಅಲ್ಲೇ ಇತ್ತು.